ಕ್ಯಾಂಪಸ್‌ಗೆ ಕೈಮರ: ಫಲಕಕ್ಕಿಂತ ಮೊದಲು ಪಟ್ಟಿ

ವಿಶ್ವವಿದ್ಯಾಲಯದ ಆವರಣಕ್ಕೆ ದಾರಿಸೂಚಿ ಫಲಕ ಹಾಕಿಸುವ ಸಭೆಗಳಲ್ಲಿ ಮೊದಲ ಚರ್ಚೆ ಬಣ್ಣ ಮತ್ತು ಲಾಂಛನದ ಮೇಲೆ ನಡೆಯುತ್ತದೆ. ಮೊದಲು ಇತ್ಯರ್ಥವಾಗಬೇಕಾದದ್ದು ಹೆಸರು. ಒಂದೇ ಕಟ್ಟಡಕ್ಕೆ ಕಡತದಲ್ಲೊಂದು, ವಿದ್ಯಾರ್ಥಿಗಳ ಬಾಯಲ್ಲೊಂದು, ಪರೀಕ್ಷೆಯ ಪ್ರವೇಶಪತ್ರದಲ್ಲೊಂದು ಹೆಸರಿದ್ದರೆ ಎಷ್ಟು ಚಂದದ ಫಲಕವೂ ದಾರಿ ತೋರಿಸದು.

ಹೆಸರು ಗಟ್ಟಿಯಾದ ಮೇಲೆ ಗೇಟಿನಿಂದ, ಬಸ್ ನಿಲ್ದಾಣದಿಂದ, ಪಾರ್ಕಿಂಗ್‌ನಿಂದ ಪ್ರತಿ ಮುಖ್ಯ ಕಟ್ಟಡದವರೆಗೆ ನಡೆಯಿರಿ. ದಾರಿ ಕವಲೊಡೆಯುವ ಪ್ರತಿ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿ. ಫಲಕ ಬೇಕಾದದ್ದು ಅಲ್ಲಿ. ನಂತರ ಪಟ್ಟಿ ಮಾಡಿ: ಫಲಕದ ಸಂಖ್ಯೆ, ಜಾಗ, ಯಾವ ಕಡೆಗೆ ಮುಖ, ಪ್ರತಿ ಸಾಲಿನ ಬರಹ, ಬಾಣದ ದಿಕ್ಕು. ಫಲಕದ ಎರಡು ಮುಖಗಳಿಗೆ ಪಟ್ಟಿಯಲ್ಲಿ ಎರಡು ಬೇರೆ ಸಾಲು ಇರಲೇಬೇಕು, ಏಕೆಂದರೆ ಮುಂಬದಿಯಲ್ಲಿ ಎಡಕ್ಕಿರುವ ಗ್ರಂಥಾಲಯ ಹಿಂಬದಿಯಿಂದ ಬರುವವರಿಗೆ ಬಲಕ್ಕಿರುತ್ತದೆ. ಒಂದೇ ಫೈಲನ್ನು ಎರಡೂ ಬದಿಗೆ ಮುದ್ರಿಸುವುದು ಈ ಕೆಲಸದಲ್ಲಿ ಪದೇ ಪದೇ ಆಗುವ ತಪ್ಪು. ನಡೆದು ಬರುವವರ ಫಲಕದಲ್ಲಿ ಒಂದು ಮುಖಕ್ಕೆ ಐದು ಸಾಲು ಸಾಕು. ಮೊದಲ ಫಲಕದಲ್ಲಿ ಕಾಣಿಸಿದ ಹೆಸರು ಕಟ್ಟಡದ ಬಾಗಿಲು ಮುಟ್ಟುವವರೆಗೂ ನಡುವೆ ಎಲ್ಲೂ ಮಾಯವಾಗಬಾರದು.

‘ನೀವು ಇಲ್ಲಿದ್ದೀರಿ’ ನಕ್ಷೆಯಲ್ಲೂ ಇದೇ ಸಮಸ್ಯೆ. ಉತ್ತರ ಮೇಲಿರಬೇಕೆಂಬ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಓದುವವರ ಎದುರಿಗೆ ಏನಿದೆಯೋ ಅದು ನಕ್ಷೆಯ ಮೇಲ್ಭಾಗದಲ್ಲಿರಲಿ. ಹಾಗಾಗಿ ಬೇರೆ ಬೇರೆ ದಿಕ್ಕಿಗೆ ನಿಲ್ಲಿಸುವ ಫಲಕಗಳಿಗೆ ನಕ್ಷೆಯನ್ನು ತಿರುಗಿಸಿ ಬೇರೆಯಾಗಿಯೇ ಸಿದ್ಧಪಡಿಸಬೇಕು.

ಅಕ್ಷರದ ಅಳತೆಗೆ ರೂಢಿಯ ಲೆಕ್ಕವೊಂದಿದೆ: ಓದುವ ದೂರ 10 ಮೀಟರ್ ಇದ್ದರೆ ರೋಮನ್ ದೊಡ್ಡಕ್ಷರದ ಎತ್ತರ ಕನಿಷ್ಠ 25 ಮಿ.ಮೀ. ಒತ್ತಕ್ಷರ, ಗುಣಿತಗಳಿರುವ ಲಿಪಿಗೆ ಇಷ್ಟು ಸಾಲದು. ಮೂಲಾಕ್ಷರದ ಗಾತ್ರವನ್ನೂ ಸಾಲುಗಳ ನಡುವಿನ ಜಾಗವನ್ನೂ ಹೆಚ್ಚಿಸಿ, ಇಲ್ಲದಿದ್ದರೆ ಒತ್ತು ಕೆಳಸಾಲಿಗೆ ತಾಗುತ್ತದೆ. ಗಂಟೆಗೆ 30 ಕಿ.ಮೀ. ವೇಗದ ವಾಹನ, ಚಾಲಕರು ಫಲಕ ಓದುವ 4 ಸೆಕೆಂಡಿನಲ್ಲೇ ಸುಮಾರು 33 ಮೀಟರ್ ಸಾಗುತ್ತದೆ. ಆದ್ದರಿಂದ ವಾಹನದವರ ಫಲಕ ತಿರುವಿಗಿಂತ ಮುಂಚೆ ನಿಲ್ಲಬೇಕು, ಅಕ್ಷರ 100 ಮಿ.ಮೀ. ಆಸುಪಾಸು ಇರಬೇಕು, ಸಾಲು ಮೂರು ಮೀರಬಾರದು.

ತಯಾರಿಕೆಯಲ್ಲಿ ಇಡೀ ಫಲಕವನ್ನು ಒಂದೇ ಹಾಳೆಯಲ್ಲಿ ಮಾಡಿಸಬೇಡಿ. ವಿಭಾಗಗಳು ಸ್ಥಳ ಬದಲಿಸುತ್ತಲೇ ಇರುತ್ತವೆ. ಸಾಲಿಗೊಂದರಂತೆ ಬಿಚ್ಚಬಹುದಾದ ಅಲ್ಯೂಮಿನಿಯಂ ಪಟ್ಟಿ ಇದ್ದರೆ ಒಂದನ್ನು ಮಾತ್ರ ಬದಲಿಸಿದರಾಯಿತು. ಹೊಳಪಿನ ಮೇಲ್ಮೈ ಬಿಸಿಲಲ್ಲಿ ಓದಲು ಬಾರದು, ಮ್ಯಾಟ್ ಲ್ಯಾಮಿನೇಷನ್ ಕೇಳಿ. ಸ್ಟೀಲ್ ಸ್ಕ್ರೂ ಅಲ್ಯೂಮಿನಿಯಂಗೆ ನೇರ ತಾಗಿದರೆ ತೇವದಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ನೈಲಾನ್ ವಾಷರ್ ಹಾಕಿಸಿ. ಟೊಳ್ಳು ಕಂಬದ ತಲೆ ಮುಚ್ಚಿರಲಿ, ಬುಡದಲ್ಲಿ ನೀರು ಇಳಿಯಲು ತೂತಿರಲಿ. ಅಡಿಪಾಯದ ಆಳವನ್ನು ಫಲಕದ ವಿಸ್ತೀರ್ಣ, ಗಾಳಿ, ಮಣ್ಣು ನೋಡಿ ಎಂಜಿನಿಯರ್ ನಿರ್ಧರಿಸಲಿ. ಅಗೆಯುವ ಮೊದಲು ನೆಲದಡಿಯ ಕೇಬಲ್, ಪೈಪ್‌ಗಳ ನಕ್ಷೆ ಕೈಯಲ್ಲಿರಲಿ.

ಆರ್ಡರ್ ಕೊಡುವ ಮುನ್ನ ನಿಜ ಅಳತೆಯ ಕಾಗದದ ಪ್ರತಿಗಳನ್ನು ಅದೇ ಜಾಗಗಳಲ್ಲಿ ಕಟ್ಟಿ, ಆವರಣ ಕಂಡೇ ಇರದ ಕೆಲವರನ್ನು ಕಳುಹಿಸಿ. ಅವರ ಹಿಂದೆ ಸುಮ್ಮನೆ ನಡೆಯಿರಿ. ಅವರು ನಿಂತು ಅತ್ತಿತ್ತ ನೋಡಿದ ಜಾಗಗಳನ್ನೆಲ್ಲ ಪಟ್ಟಿಗೆ ಸೇರಿಸಿ.