ಜಮೀನಿನ ಗಾಳಿಯಂತ್ರಕ್ಕೆ ಅನುಮತಿ: 50 ಮೀಟರ್ ಅಂತರವನ್ನು ಎಲ್ಲಿಂದ ಅಳೆಯಬೇಕು?

ಇಂಗ್ಲೆಂಡಿನ ಕೃಷಿ ಉದ್ಯಮವೊಂದು ತನ್ನ ಜಮೀನಿನಲ್ಲಿ ಗಾಳಿಯಂತ್ರ ನಿಲ್ಲಿಸಲು ಸ್ಥಳೀಯ ಯೋಜನಾ ಪ್ರಾಧಿಕಾರದ ಅನುಮತಿ ಪಡೆಯಬೇಕು. 2015ರ ಜೂನ್‌ನಿಂದ ಇದ್ದ ಕಠಿಣ ಷರತ್ತುಗಳನ್ನು 2024ರ ಜುಲೈನಲ್ಲಿ ತೆಗೆದುಹಾಕಲಾಗಿರುವುದರಿಂದ, ಹಳೆಯ ಟಿಪ್ಪಣಿಗಳನ್ನು ಓದುವವರು ಅವುಗಳ ದಿನಾಂಕವನ್ನು ಮೊದಲು ನೋಡಿಕೊಳ್ಳಬೇಕು. ಯಂತ್ರದ ಹಬ್, ಅಂದರೆ ರೆಕ್ಕೆಗಳು ಕೂಡುವ ನಡುಭಾಗ, 15 ಮೀಟರಿಗಿಂತ ಎತ್ತರದಲ್ಲಿದ್ದರೆ, ಪರಿಸರ ಪರಿಣಾಮ ಮೌಲ್ಯಮಾಪನ ಬೇಕೇ ಬೇಡವೇ ಎಂಬುದನ್ನು ಪ್ರಾಧಿಕಾರವೇ ಮೊದಲು ತೀರ್ಮಾನಿಸುತ್ತದೆ.

ನನ್ನನ್ನು ಬಹಳ ಕಾಡಿದ್ದು ಬಾವಲಿಗಳ ನಿಯಮ. ಬಾವಲಿಗಳು ಹೊಲದಂಚಿನ ಗಿಡಬೇಲಿಯ ಗುಂಟ ಹಾರುತ್ತ ಹುಳುಗಳನ್ನು ಹಿಡಿಯುತ್ತವೆ. ಆದ್ದರಿಂದ ರೆಕ್ಕೆಯ ತುದಿಗೂ ಬೇಲಿಗೂ ನಡುವೆ 50 ಮೀಟರ್ ಅಂತರವಿರಬೇಕೆಂದು ಸರ್ಕಾರದ ನಿಸರ್ಗ ಸಂರಕ್ಷಣಾ ಸಲಹಾ ಸಂಸ್ಥೆಯಾದ ನ್ಯಾಚುರಲ್ ಇಂಗ್ಲೆಂಡ್‌ನ ಮಾರ್ಗದರ್ಶಿ ಹೇಳುತ್ತದೆ. ನಾನು ಮೊದಲು ನಕ್ಷೆಯ ಮೇಲೆ ಕಂಬದ ಬುಡದಿಂದಲೇ 50 ಮೀಟರ್ ಗುರುತು ಹಾಕಿದ್ದೆ. ಅದು ತಪ್ಪೆಂದು ತಿಳಿದ ಮೇಲೆ ರೆಕ್ಕೆಯ ಉದ್ದವನ್ನು ಕೂಡಿಸಿದೆ, ಅದೂ ಸರಿಹೋಗಲಿಲ್ಲ. ಏಕೆಂದರೆ ಈ ಅಂತರ ನೆಲದ ಮೇಲಿನದಲ್ಲ, ಗಾಳಿಯಲ್ಲಿ ಓರೆಯಾಗಿ ಅಳೆಯುವಂಥದ್ದು.

ತಿರುಗುವ ರೆಕ್ಕೆ ಬೇಲಿಗೆ ಅತ್ಯಂತ ಹತ್ತಿರವಾಗುವುದು ಅದು ಹಬ್‌ನಿಂದ ನೇರವಾಗಿ ಬೇಲಿಯ ನೆತ್ತಿಯ ಕಡೆಗೆ ಚಾಚಿದ ಕ್ಷಣದಲ್ಲಿ. ಆಗ ಹಬ್, ರೆಕ್ಕೆಯ ತುದಿ, ಬೇಲಿಯ ನೆತ್ತಿ ಮೂರೂ ಒಂದೇ ಗೆರೆಯಲ್ಲಿ ಬರುತ್ತವೆ. ಆ ಗೆರೆಯೇ ಲಂಬಕೋನ ತ್ರಿಭುಜದ ವಿಕರ್ಣ. ಹಬ್‌ನ ಎತ್ತರ 30 ಮೀಟರ್, ರೆಕ್ಕೆ 12 ಮೀಟರ್, ಬೇಲಿ 5 ಮೀಟರ್ ಎಂದಿಟ್ಟುಕೊಳ್ಳೋಣ. ವಿಕರ್ಣ 50 ಕೂಡಿಸು 12, ಅಂದರೆ 62. ಲಂಬ 30 ಕಳೆ 5, ಅಂದರೆ 25. 62ರ ವರ್ಗ 3844ರಿಂದ 25ರ ವರ್ಗ 625ನ್ನು ಕಳೆದರೆ 3219 ಉಳಿಯುತ್ತದೆ. ಅದರ ವರ್ಗಮೂಲ ಸುಮಾರು 56.7. ಕಂಬದ ನಡುವಿನಿಂದ ಬೇಲಿಗೆ ನೆಲದ ಮೇಲೆ ಇರಬೇಕಾದ ಅಂತರ ಇಷ್ಟೇ. ಬೇಲಿ ಬೆಳೆದು ಎತ್ತರವಾದರೆ ಲಂಬ ಕುಗ್ಗಿ ಈ ಅಂತರ ಹಿಗ್ಗುತ್ತದೆಯಾದ್ದರಿಂದ, ಈಗಷ್ಟೇ ಕತ್ತರಿಸಿದ ಬೇಲಿಯ ಎತ್ತರವನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ನನ್ನ ಅಭಿಪ್ರಾಯ.

ಶಬ್ದದ ವಿಷಯ ಇದಕ್ಕಿಂತ ಸರಳ. ಒಂದೇ ಯಂತ್ರವಿದ್ದು, ಸೆಕೆಂಡಿಗೆ 10 ಮೀಟರ್ ವೇಗದ ಗಾಳಿಯವರೆಗೂ ನೆರೆಮನೆಯ ಬಳಿ ಅದರ ಶಬ್ದ 35 ಡೆಸಿಬೆಲ್ ಮೀರದಿದ್ದರೆ ಹಿನ್ನೆಲೆ ಶಬ್ದವನ್ನು ಅಳೆಯಬೇಕಾಗಿಲ್ಲ. ಯೋಜನೆಯಲ್ಲಿ ಹಣಕಾಸಿನ ಪಾಲಿರುವವರ ಮನೆಗೆ 45 ಡೆಸಿಬೆಲ್‌ವರೆಗೆ ಸಡಿಲಿಕೆಯುಂಟು. ಹೀಗಾಗಿ ಬೇಲಿಯಿಂದ ದೂರ ಸರಿಸಲೇಬೇಕಾದ ಕಂಬವನ್ನು ನೆರೆಯವರ ಮನೆಯತ್ತ ಸರಿಸದೆ ಕೃಷಿಕರ ಸ್ವಂತ ಮನೆಯತ್ತ ಸರಿಸಿ, ಎರಡೂ ಮನೆಗಳ ಶಬ್ದದ ಲೆಕ್ಕವನ್ನು ಆ ಹೊಸ ಜಾಗದಿಂದ ಮತ್ತೆ ಮಾಡಬೇಕು.