ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಮದರ್‌ಬೋರ್ಡ್ ಹೋಯಿತಾ?

ಪ್ರಶ್ನೆ: ನಿನ್ನೆವರೆಗೂ ಚೆನ್ನಾಗಿದ್ದ ಡೆಸ್ಕ್‌ಟಾಪ್. ಇವತ್ತು ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟೂ ಬರುತ್ತದೆ, ಮಾನಿಟರ್‌ನಲ್ಲಿ ಏನೂ ಇಲ್ಲ. ವಿಂಡೋಸ್ ಮತ್ತೆ ಹಾಕಬೇಕಾ, ಇಲ್ಲ ಮದರ್‌ಬೋರ್ಡೇ ಹೋಯಿತಾ?

ಉತ್ತರ: ವಿಂಡೋಸ್ ತಂಟೆಗೆ ಈಗಲೇ ಹೋಗಬೇಡಿ. ಆನ್ ಆದ ಕೂಡಲೇ ಬಯಾಸ್ (ಮದರ್‌ಬೋರ್ಡ್‌ನಲ್ಲೇ ಇರುವ, ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಎಲ್ಲ ಸರಿ ಇವೆಯಾ ಅಂತ ನೋಡುತ್ತದೆ. ಇದಕ್ಕೆ ಪೋಸ್ಟ್ ಅನ್ನುತ್ತಾರೆ. ನಿಮ್ಮ ಯಂತ್ರ ಬಹುಶಃ ಅಲ್ಲೇ ನಿಂತಿದೆ. ಫ್ಯಾನ್ ತಿರುಗಿತು ಅಂದರೆ ಪವರ್ ಸಪ್ಲೈ ಡಬ್ಬಿಯಾದ ಎಸ್‌ಎಂಪಿಎಸ್‌ನಿಂದ ಕರೆಂಟ್ ಬರುತ್ತಿದೆ, ಅಷ್ಟೇ.

ಮೊದಲು ಮಾನಿಟರ್ ಕೇಬಲ್ ನೋಡಿ. ನಗಬೇಡಿ, ಅರ್ಧ ಗಂಟೆ ಎಲ್ಲ ಬಿಚ್ಚಿ ಜೋಡಿಸಿ, ಕೊನೆಗೆ ಕೇಬಲ್ ಸಡಿಲ ಅಂತ ಗೊತ್ತಾಗಿ ನಾನೇ ಪೆಚ್ಚಾಗಿದ್ದೇನೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಹೋಗಿರಬೇಕು.

ಆಮೇಲೆ ನನ್ನ ಅನುಮಾನ ರ‍್ಯಾಮ್ ಮೇಲೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಕ್ಯಾಬಿನೆಟ್‌ನ ಲೋಹದ ಭಾಗ ಮುಟ್ಟಿ, ಮೈಯ ಸ್ಟ್ಯಾಟಿಕ್ ಹೋಗಲಿ. ರ‍್ಯಾಮ್ ತೆಗೆದು, ಧೂಳು ಕೊಡವಿ, ಕಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಎರಡು ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಒಂದೇ ರ‍್ಯಾಮ್ ಹಾಕುವಾಗ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯ ಸ್ಲಾಟ್ ಸರಿ. ಡಿಡಿಆರ್5 ಅನ್ನುವ ಹೊಸ ಬಗೆಯದಾದರೆ ರ‍್ಯಾಮ್ ಬದಲಿಸಿದ ಮೊದಲ ಸಲ ಸ್ಕ್ರೀನ್ ಕೆಲವು ನಿಮಿಷ ಕಪ್ಪಾಗೇ ಇರಬಹುದು. ಗಾಬರಿಯಾಗಿ ಆಫ್ ಮಾಡಬೇಡಿ.

ಹಲವು ಹೊಸ ಬೋರ್ಡ್‌ಗಳಲ್ಲಿ ಸಿಪಿಯು (ಪ್ರೊಸೆಸರ್), ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್ (ವಿಂಡೋಸ್ ಇರುವ ಡಿಸ್ಕ್) ಅಂತ ನಾಲ್ಕು ಪುಟ್ಟ ಲೈಟ್ ಇರುತ್ತವೆ. ಯಾವುದು ಉರಿದು ನಿಲ್ಲುತ್ತದೋ ತೊಂದರೆ ಅಲ್ಲಿದೆ. ಹಳೆಯದರಲ್ಲಿ ಬೀಪ್ ಸದ್ದು, ಅದರ ಅರ್ಥ ಬೋರ್ಡ್‌ನಿಂದ ಬೋರ್ಡ್‌ಗೆ ಬೇರೆ.

ರ‍್ಯಾಮ್ ಸರಿ ಇದ್ದರೆ ಪ್ಲಗ್ ಕಿತ್ತು ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಅನ್ನು ಐದು ನಿಮಿಷ ತೆಗೆದಿಡಿ. ಬಯಾಸ್ ಸೆಟ್ಟಿಂಗ್ ಮೊದಲಿನಂತಾಗುತ್ತದೆ. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ ವೈರ್ ಗಟ್ಟಿಯಾಗಿದೆಯಾ ಅಂತಲೂ ನೋಡಿ. ಅದು ಬಿಟ್ಟಿದ್ದರೂ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ತೆಗೆದು ಮದರ್‌ಬೋರ್ಡ್‌ನ ಪೋರ್ಟ್‌ಗೆ ಕೇಬಲ್ ಹಾಕಿಯೂ ನೋಡಬಹುದು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಇದು ಆಗುವುದಿಲ್ಲ, ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ.

ಇಷ್ಟಾದರೂ ಕಪ್ಪಾದರೆ ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿ. ಆದರೆ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.