ಸಾಯುವವರು ಹೇಗಿದ್ದರೂ ಸಾಯುತ್ತಾರೆಯೇ?

ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಯಾರಾದರೂ ವಿಷ ಕುಡಿದು ತೀರಿಕೊಂಡರೆ ಕಟ್ಟೆಯ ಮೇಲೆ ಒಂದು ಮಾತು ಬಂದೇ ಬರುತ್ತದೆ. "ಸಾಯಬೇಕಂತ ಹೊಂಟವ್ರನ್ನ ಯಾರು ತಡೀತಾರ್ರೀ? ಇದಿಲ್ಲಂದ್ರ ಇನ್ನೊಂದು." ನೋವಿನಲ್ಲಿ ಆಡುವ ಮಾತು, ನಿಜ. ಆದರೆ ತಪ್ಪು ಮಾತು. ಅದು ತಪ್ಪು ಅಂತ ಲೆಕ್ಕ ಇಟ್ಟು ತೋರಿಸಿದವರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ವೈದ್ಯ ಮೈಕೆಲ್ ಎಡಲ್‌ಸ್ಟನ್ ಒಬ್ಬರು.

ಅವರು ಶ್ರೀಲಂಕಾದ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಅಲ್ಲಿಗೆ ಬರುತ್ತಿದ್ದವರು ನಮ್ಮ ಹಾನಗಲ್ ಕಡೆಯವರ ಹಾಗೆಯೇ ಭತ್ತ ಬೆಳೆಯುವ ಜನ. ಬೆಳೆಗೆ ಹೊಡೆದು ಉಳಿದ ಎಣ್ಣೆಯ, ಅಂದರೆ ಕೀಟನಾಶಕದ, ಬಾಟಲಿ ಅವರ ಮನೆಯಲ್ಲೂ ಇರುತ್ತಿತ್ತು. ಬದುಕಿ ಉಳಿದವರನ್ನು ಎಡಲ್‌ಸ್ಟನ್ ತಂಡ ಕೂರಿಸಿಕೊಂಡು ಮಾತಾಡಿಸಿತು. ಕುಡಿಯುವ ಮುಂಚೆ ಎಷ್ಟು ಹೊತ್ತು ಯೋಚಿಸಿದ್ರಿ? ಅರ್ಧಕ್ಕಿಂತ ಜಾಸ್ತಿ ಜನರ ಉತ್ತರ, ಅರ್ಧ ಗಂಟೆಗಿಂತ ಕಡಿಮೆ. ಸಾಲ, ಕುಡಿತ, ಖಿನ್ನತೆ, ಮನೆಯ ಜಗಳ ಎಲ್ಲ ಸೇರಿ ವರ್ಷಗಳಿಂದ ಸಂಕಟ ಇದ್ದಿರಬಹುದು. ನಿರ್ಧಾರ ಮಾತ್ರ ಆ ಗಳಿಗೆಯದು. ಆ ಗಳಿಗೆ ದಾಟಿಸಿದರೆ ಬಹಳಷ್ಟು ಜನ ಮತ್ತೆ ಆ ದಾರಿ ಹಿಡಿಯುವುದಿಲ್ಲ.

ಶ್ರೀಲಂಕಾ ಸರ್ಕಾರ 1984ರಿಂದಲೇ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂತು. 1995ರಲ್ಲಿ ಅಲ್ಲಿ 1 ಲಕ್ಷ ಜನರಿಗೆ ಸುಮಾರು 47 ಆತ್ಮಹತ್ಯೆ ನಡೆಯುತ್ತಿದ್ದವು. ಮುಂದಿನ 20 ವರ್ಷಗಳಲ್ಲಿ ಆ ಪ್ರಮಾಣ ಸುಮಾರು 70 ಪರ್ಸೆಂಟ್ ಇಳಿಯಿತು. ವಿಷ ಕುಡಿದು ಆಸ್ಪತ್ರೆಗೆ ಬರುವವರೇನೂ ಕಡಿಮೆಯಾಗಲಿಲ್ಲ. ಬಂದವರು ಬದುಕಿ ಮನೆಗೆ ಹೋಗತೊಡಗಿದರು. "ಇದಿಲ್ಲಂದ್ರ ಇನ್ನೊಂದು" ಅನ್ನುವುದು ನಿಜವಾಗಿದ್ದರೆ ಒಟ್ಟು ಸಾವು ಇಷ್ಟು ಇಳಿಯುತ್ತಿರಲಿಲ್ಲ, ಅಲ್ವಾ? ಇನ್ನು ರೈತರ ಚಿಂತೆ ಬೇರೆ ಇದೆ, ಎಣ್ಣೆ ಇಲ್ಲದಿದ್ದರೆ ಬೆಳೆ ಹೋಗುತ್ತದೆ ಅಂತ. ಅಲ್ಲಿ ಭತ್ತದ ಇಳುವರಿ ಬೀಳಲಿಲ್ಲ. ಕಡಿಮೆ ವಿಷದ ಔಷಧಿಗಳಲ್ಲೇ ಕೆಲಸ ನಡೆಯಿತು.

ಹಾಗಾದರೆ ಮನೆಯಲ್ಲಿ ಬೀಗ ಹಾಕಿಟ್ಟರೆ ಸಾಲದೇ? ಅದನ್ನೂ ಪರೀಕ್ಷೆ ಮಾಡಿದ್ದಾರೆ. ಶ್ರೀಲಂಕಾದ 180 ಹಳ್ಳಿಗಳ 53,000ಕ್ಕೂ ಹೆಚ್ಚು ಮನೆಗಳಲ್ಲಿ ನಡೆದ ಅಧ್ಯಯನ ಅದು. ಅರ್ಧ ಹಳ್ಳಿಗಳಿಗೆ ಕೀಲಿ ಹಾಕುವ ಪೆಟ್ಟಿಗೆ ಕೊಟ್ಟರು, ಉಳಿದವಕ್ಕೆ ಕೊಡಲಿಲ್ಲ. 2017ರಲ್ಲಿ ಫಲಿತಾಂಶ ಬಂದಾಗ, ವಿಷ ಕುಡಿದವರ ಪ್ರಮಾಣದಲ್ಲಿ ಎರಡೂ ಕಡೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ. ಕೀಲಿಕೈ ಮನೆಯವರ ಹತ್ತಿರವೇ ಇರುತ್ತದೆ. ಜೀವದ ಹೊಣೆಯನ್ನು ನೊಂದ ಮನೆಯ ಮೇಲೇ ಹೊರಿಸಿ ಸರ್ಕಾರ ಸುಮ್ನೆ ಕೂರುವಂತಿಲ್ಲ.

ನಮ್ಮಲ್ಲಿ ಲೆಕ್ಕವೇ ಸರಿಯಾಗಿ ಸಿಗುವುದಿಲ್ಲ. ಪೊಲೀಸ್ ದಾಖಲೆಯ ಪ್ರಕಾರ 2010ರಲ್ಲಿ ದೇಶದಲ್ಲಿ ಸುಮಾರು 1.35 ಲಕ್ಷ ಆತ್ಮಹತ್ಯೆ. ಸಾವಾದ ಮನೆಗಳಿಗೇ ಹೋಗಿ, ಏನಾಯಿತು ಅಂತ ಕೇಳಿ ಬರೆದುಕೊಂಡ ದೊಡ್ಡ ಅಧ್ಯಯನವೊಂದು ಅದೇ ವರ್ಷಕ್ಕೆ ಅಂದಾಜಿಸಿದ್ದು 1.87 ಲಕ್ಷ. ಕೇಸಾಗುತ್ತದೆ, ಮಗಳ ಮದುವೆಗೆ ಅಡ್ಡಿಯಾಗುತ್ತದೆ ಅನ್ನುವ ಭಯದಲ್ಲಿ ಎಷ್ಟೋ ಮನೆಯವರು "ಹೊಟ್ಟೆನೋವು" ಅಂದುಬಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು. ಅವರಿಗೆ ಚಿಕಿತ್ಸೆ ಕೊಡುವುದು ಸರ್ಕಾರದ ಕೆಲಸ.

ಕೇಂದ್ರ ಸರ್ಕಾರ 2018ರಲ್ಲಿ 18 ಕೀಟನಾಶಕಗಳ ನಿಷೇಧಕ್ಕೆ ಆದೇಶ ಹೊರಡಿಸಿತು. ಒಳ್ಳೆಯದೇ, ಆದರೆ ಸಾಲದು. 1968ರ ಕೀಟನಾಶಕ ಕಾಯ್ದೆಯಡಿ ರಾಜ್ಯ ಸರ್ಕಾರ ತಾನಾಗಿ ತಡೆಯಬಹುದಾದದ್ದು ಹೆಚ್ಚೆಂದರೆ 90 ದಿನಗಳ ಮಟ್ಟಿಗೆ ಮಾತ್ರ. ಕೇಂದ್ರ ಉಳಿದವನ್ನೂ ನಿಷೇಧಿಸುವವರೆಗೆ ನಮ್ಮ ಕೈಯಲ್ಲೂ ಒಂದಿಷ್ಟಿದೆ. ಹತ್ತಿಗೆ, ಮೆಣಸಿನಕಾಯಿಗೆ ಯಾವ ಎಣ್ಣೆ ಹೊಡೆಯಬೇಕು ಅಂತ ಹೇಳುವವರು ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಗೊಬ್ಬರದ ಅಂಗಡಿಯವರು. ಹುಳ ಸಾಯುತ್ತದೋ ಇಲ್ಲವೋ ಅನ್ನುವುದರ ಜೊತೆಗೆ, ಮನುಷ್ಯ ಕುಡಿದರೆ ಉಳಿಯುತ್ತಾನೋ ಇಲ್ಲವೋ ಅನ್ನುವುದನ್ನೂ ಅವರು ತೂಗಿ ನೋಡಬೇಕು.

ಮನಸ್ಸಿಗೆ ತಡೆಯಲಾಗದಷ್ಟು ಸಂಕಟವಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಯೂ ಇದೆ. ಯಾರಾದರೂ ವಿಷ ಕುಡಿದಿದ್ದು ಗೊತ್ತಾದರೆ ಮನೆಮದ್ದು ಬೇಡ, ವಾಂತಿ ಮಾಡಿಸುವುದೂ ಬೇಡ. ತಕ್ಷಣ 108ಕ್ಕೆ ಕರೆ ಮಾಡಿ. ಆ ಬಾಟಲಿಯನ್ನು ಜೊತೆಗೇ ಒಯ್ಯಿರಿ, ಯಾವ ವಿಷ ಅಂತ ಗೊತ್ತಾದರೆ ವೈದ್ಯರಿಗೆ ಹೊತ್ತು ಉಳಿಯುತ್ತದೆ.